ಲೆಕ್ಕಕ್ಕೊಬ್ಬ ಸಾಕ್ಷಿ ಬೇಕು

ಕಲ್ಕತ್ತದ ಸಿಯಾಲ್ದಾ ನಿಲ್ದಾಣದಿಂದ ಹೊರಬಿದ್ದವರಿಗೆ ನಿಂತು ಯೋಚಿಸಲು ಜಾಗ ಸಿಗುವುದಿಲ್ಲ. ಲೋಕಲ್ ಟ್ರೇನುಗಳು ಸುರಿಯುವ ಜನರ ಜೊತೆ ಎತ್ತಲೋ ಒಂದು ಕಡೆ ಹರಿಯಬೇಕು. ಪಶ್ಚಿಮಕ್ಕೆ ಹರಿದರೆ ಬೌಬಜಾರ್. ಈಗ ಗೋಯೆಂಕಾ ಕಾಮರ್ಸ್ ಕಾಲೇಜು ಇರುವ 210ನೇ ನಂಬರಿನ ಜಾಗದಲ್ಲಿ 1928ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ದ್ರವಗಳ ಮೂಲಕ ಬೆಳಕು ಹಾಯಿಸಿ ನೋಡುತ್ತಿದ್ದರು. ಉತ್ತರಕ್ಕೆ ಆಚಾರ್ಯ ಪ್ರಫುಲ್ಲಚಂದ್ರ ರೋಡು ಹಿಡಿದರೆ ಸ್ವಲ್ಪ ದೂರದಲ್ಲಿ ರಾಜಾಬಜಾರ್ ಸೈನ್ಸ್ ಕಾಲೇಜು, ಅದರ ನೆರೆಯಲ್ಲೇ ಬೋಸ್ ಸಂಸ್ಥೆ. ಮೇಘನಾದ ಸಹಾ ಪರಮಾಣು ಭೌತವಿಜ್ಞಾನ ಸಂಸ್ಥೆ ಕಟ್ಟಿದ್ದೂ ಇದೇ ರಸ್ತೆಯಲ್ಲಿ. 1950ರ ಜನವರಿಯಲ್ಲಿ ಅದನ್ನು ಉದ್ಘಾಟಿಸಲು ಐರೀನ್ ಜೋಲಿಯೊ ಕ್ಯೂರಿ ಬಂದಿದ್ದರು. ಒಳಗಿನ ಗಲ್ಲಿಗಳಲ್ಲಿ ಪುಸ್ತಕದ ಅಂಗಡಿಗಳ ವಾಸನೆ ಹಿಡಿದು ಹೋದರೆ ಕಾಲೇಜ್ ಸ್ಟ್ರೀಟು, ಈಗ ವಿಶ್ವವಿದ್ಯಾಲಯವಾಗಿರುವ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿನ ಭೌತಶಾಸ್ತ್ರ ಪ್ರಾಧ್ಯಾಪಕ ಪ್ರಶಾಂತ ಚಂದ್ರ ಮಹಲನೋಬಿಸ್ ತಮ್ಮ ಕೋಣೆಯಲ್ಲಿ ಶುರು ಮಾಡಿದ ಲೆಕ್ಕದ ಕೆಲಸ 1931ರ ಡಿಸೆಂಬರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಾಯಿತು. ಮುಂದೆ ಅದು ಬಾರಾನಗರಕ್ಕೆ ಹೋಯಿತು. ಸಿಯಾಲ್ದಾದಲ್ಲಿ ಡಾನ್ಕುನಿ ಲೋಕಲ್ ಹತ್ತಿದರೆ ಇವತ್ತೂ ಅಲ್ಲಿಗೆ ತಲುಪಬಹುದು.

ನಾನು ಈ ಬೀದಿಗಳನ್ನು ನೆನೆಯುತ್ತಿರುವುದು ನೊಬೆಲ್ಲಿನ ನೆಪಕ್ಕಲ್ಲ. ವಿಜ್ಞಾನಕ್ಕಾಗಿ ಪ್ರೋಗ್ರಾಂ ಬರೆಯುವುದು ಹೇಗೆ ಎಂದು ಈಗ ಬೆಂಗಳೂರಿನ ಲ್ಯಾಬುಗಳಲ್ಲಿ ಹೇಳಿಕೊಡುವ ಪಾಠದ ಮುಖ್ಯ ಭಾಗ ಕಂಪ್ಯೂಟರು ಈ ದೇಶಕ್ಕೆ ಬರುವ ಮೊದಲೇ ಇಲ್ಲಿ ಅಭ್ಯಾಸದಲ್ಲಿತ್ತು. ಕಂಪ್ಯೂಟರು ಬಂದ ಮೇಲೆ ಅದನ್ನು ನಾವು ಮರೆತೆವು. ಈಗ ಮತ್ತೆ ಕಲಿಯುತ್ತಿದ್ದೇವೆ, ಅದೂ ಬೆಲೆ ತೆತ್ತು.

ವಿಜ್ಞಾನದ ಪ್ರೋಗ್ರಾಮಿಗೆ ಉಳಿದ ಪ್ರೋಗ್ರಾಮುಗಳಿಗಿಲ್ಲದ ಒಂದು ಕಷ್ಟವಿದೆ. ಬ್ಯಾಂಕಿನ ಸಾಫ್ಟ್‌ವೇರ್ ನಿಮ್ಮ ಖಾತೆಯಲ್ಲಿ ನೂರು ರೂಪಾಯಿ ಕಡಿಮೆ ತೋರಿಸಿದರೆ ಮಧ್ಯಾಹ್ನದೊಳಗೆ ನೀವು ಮ್ಯಾನೇಜರ ಮುಂದೆ ಕೂತಿರುತ್ತೀರಿ. ರೈಲ್ವೆ ಟಿಕೆಟ್ಟಿನಲ್ಲಿ ಊರು ತಪ್ಪಾದರೆ ಪ್ಲಾಟ್‌ಫಾರಂನಲ್ಲೇ ಗೊತ್ತಾಗುತ್ತದೆ. ಅಂತರ್ಜಲ ಇನ್ನು ಇಪ್ಪತ್ತು ವರ್ಷಕ್ಕೆ ಎಷ್ಟು ಇಳಿಯುತ್ತದೆ, ಈ ಪ್ರೋಟೀನು ಹೇಗೆ ಮಡಚಿಕೊಂಡಿದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ತಪ್ಪಿದರೆ ದೂರು ಕೊಡಲು ಯಾರೂ ಇಲ್ಲ. ಉತ್ತರ ಮೊದಲೇ ಗೊತ್ತಿದ್ದರೆ ಆ ಪ್ರೋಗ್ರಾಂ ಬರೆಯುವ ಅಗತ್ಯವೇ ಇರಲಿಲ್ಲ. ತಪ್ಪು ಉತ್ತರವೂ ಸರಿ ಉತ್ತರದ ಹಾಗೆಯೇ ಹದಿನಾರು ಅಂಕಿಗಳ ಗತ್ತಿನಲ್ಲಿ ತೆರೆಯ ಮೇಲೆ ಬಂದು ನಿಲ್ಲುತ್ತದೆ. ಹಾಗಾಗಿ ಇಂಥ ಪ್ರೋಗ್ರಾಮನ್ನು ಎಷ್ಟು ಚುರುಕಾಗಿ ಬರೆದಿದ್ದಾರೆ ಎಂಬುದಕ್ಕಿಂತ, ಇನ್ನೊಬ್ಬರು ಅದರ ಮೇಲೆ ಅನುಮಾನಪಟ್ಟು ತಾಳೆ ನೋಡಲು ಎಷ್ಟು ಅನುಕೂಲ ಮಾಡಿಕೊಟ್ಟಿದ್ದಾರೆ ಎಂದು ನೋಡಬೇಕು ಎಂಬುದು ನನ್ನ ಮತ. ಒಳ್ಳೆಯ ವಿನ್ಯಾಸ, ಒಳ್ಳೆಯ ಹೆಸರು, ಚಿಕ್ಕ ಚಿಕ್ಕ ಫಂಕ್ಷನ್ನು, ಟೆಸ್ಟು, ದಾಖಲೆ ಎಲ್ಲವೂ ಬೇಕಾಗುವುದು ಈ ಒಂದು ಕಾರಣಕ್ಕೆ.

ಮಹಲನೋಬಿಸ್ ಈ ಕಷ್ಟವನ್ನು ಎದುರಿಸಿದ್ದು ಸೆಣಬಿನ ಹೊಲದಲ್ಲಿ. 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುವ ಕೆಲಸ ಅವರ ಸಂಸ್ಥೆಗೆ ಬಂತು. ಇಡೀ ಪ್ರಾಂತ್ಯದಲ್ಲಿ ಎಷ್ಟು ಎಕರೆ ಸೆಣಬು ಇದೆ ಎಂಬ ನಿಜವಾದ ಉತ್ತರ ಯಾರಿಗೂ ಗೊತ್ತಿರಲಿಲ್ಲ. ಹೊಲಕ್ಕೆ ಹೋಗುವ ನೌಕರ ಕೆಸರಿನಲ್ಲಿ ಇಳಿಯಲಾರದೆ ಮರದ ಕೆಳಗೆ ಕೂತು ಕಾಲಂ ತುಂಬಿಸಿದರೆ ಕಲ್ಕತ್ತದಲ್ಲಿ ಕೂತವರಿಗೆ ತಿಳಿಯುವುದು ಹೇಗೆ? ಅವರು ಕಂಡುಕೊಂಡ ಉಪಾಯ ಸರಳ, ಆದರೆ ಆಗ ಅದನ್ನು ಯಾರೂ ಅಷ್ಟು ವ್ಯವಸ್ಥಿತವಾಗಿ ಮಾಡಿರಲಿಲ್ಲ. ಒಂದೇ ಪ್ರದೇಶದಿಂದ ಎರಡು ಪ್ರತ್ಯೇಕ ಮಾದರಿಗಳನ್ನು ಆರಿಸುವುದು. ಒಂದರೊಳಗೊಂದು ಹೆಣೆದುಕೊಂಡಂತೆ, ಎರಡೂ ಇಡೀ ಪ್ರದೇಶವನ್ನು ಪ್ರತಿನಿಧಿಸುವಂತೆ. ಒಂದನ್ನು ಒಂದು ತಂಡ ಅಳೆಯಬೇಕು, ಇನ್ನೊಂದನ್ನು ಬೇರೆಯೇ ತಂಡ. ಇವರ ಅಂಕಿ ಅವರಿಗೆ ಗೊತ್ತಿರಬಾರದು. ಕೊನೆಯಲ್ಲಿ ಎರಡೂ ಅಂದಾಜುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಹತ್ತಿರ ಬಂದರೆ ಸರಿ. ಬರದಿದ್ದರೆ ಆ ಪ್ರದೇಶಕ್ಕೆ ಮತ್ತೆ ಹೋಗಬೇಕು.

ಈ ಕ್ರಮದಲ್ಲಿ ಯಾರನ್ನೂ ನಂಬುವ ಅಗತ್ಯವಿಲ್ಲ, ಯಾರನ್ನೂ ಕಳ್ಳರೆಂದು ನೋಡುವ ಅಗತ್ಯವೂ ಇಲ್ಲ. ತಪ್ಪು ಆಗಿಯೇ ಆಗುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಅದು ತಾನಾಗಿ ಬಯಲಿಗೆ ಬರುವ ಹಾಗೆ ಕೆಲಸವನ್ನೇ ಹೊಂದಿಸಿದ್ದಾರೆ. ಪ್ಲಾಟಿನಿಂದ ಪ್ಲಾಟಿಗೆ ಹೋಗಿ ಪೂರ್ತಿ ಎಣಿಸಿದ ಸರ್ಕಾರಿ ಗಣತಿಗಿಂತ ಈ ಅಗ್ಗದ ಮಾದರಿ ಸಮೀಕ್ಷೆಯ ಅಂಕಿಯೇ ವ್ಯಾಪಾರಿಗಳ ಬಳಿ ಬಂದ ಸೆಣಬಿನ ಲೆಕ್ಕಕ್ಕೆ ಹತ್ತಿರವಿತ್ತು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಕೂಡ ಇದೇ ಹಾದಿ ಹಿಡಿಯಿತು; ಕೇಂದ್ರದ ಮಾದರಿಗೆ ಜೋಡಿಯಾಗಿ ರಾಜ್ಯಗಳ ಮಾದರಿ ಎಂಬ ಪದ್ಧತಿಯನ್ನು ನಮ್ಮ ಅರ್ಥ ಮತ್ತು ಸಾಂಖ್ಯಿಕ ನಿರ್ದೇಶನಾಲಯದವರು ಚೆನ್ನಾಗಿ ಬಲ್ಲರು.

ಮಹಲನೋಬಿಸರ ಸಂಸ್ಥೆಗೆ 1941ರ ಜನವರಿ 1ರಂದು ತರಬೇತಿಗೆ ಸೇರಿದ ಯುವಕರೊಬ್ಬರು ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಕಲ್ಯಂಪುಡಿ ರಾಧಾಕೃಷ್ಣ ರಾವ್ ತೆಲುಗು ಮನೆತನದವರು, ತಂದೆ ಪೊಲೀಸ್ ಇನ್ಸ್‌ಪೆಕ್ಟರ್. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರು. ಯುದ್ಧಕಾಲದ ಒಂದು ಕೆಲಸದ ಸಂದರ್ಶನಕ್ಕೆಂದು ಕಲ್ಕತ್ತಕ್ಕೆ ಹೋದವರು ಅದು ಸಿಗದೆ ಮಹಲನೋಬಿಸರ ಬಳಿ ಉಳಿದುಕೊಂಡರು. ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಿರಲು ಸಾಧ್ಯ ಎಂಬುದಕ್ಕೆ ಒಂದು ಮಿತಿಯನ್ನು ತೋರಿಸಿದ ಅವರ ಲೇಖನ 1945ರಲ್ಲಿ ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಬಂತು. ಆಗ ಅವರಿಗೆ ಇಪ್ಪತ್ತೈದೂ ತುಂಬದ ವಯಸ್ಸು. ಜಗತ್ತು ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಕೊಟ್ಟದ್ದು 2023ರಲ್ಲಿ, ಅವರು ತೀರಿಕೊಂಡ ವರ್ಷ, 102ರ ವಯಸ್ಸಿನಲ್ಲಿ. ಅವರ ಪ್ರಮೇಯಗಳನ್ನು ಓದುವವರು ಮರೆಯುವ ಸಂಗತಿ ಒಂದಿದೆ: ಆ ವರ್ಷಗಳಲ್ಲಿ ಅವರು ಕೈಲೆಕ್ಕದ ಮನುಷ್ಯ. ಸಂಯುಕ್ತ ಪ್ರಾಂತ್ಯದ ಜನರ ದೇಹದ ಅಳತೆಗಳನ್ನಿಟ್ಟುಕೊಂಡು ಗುಂಪುಗಳ ನಡುವಿನ ಅಂತರ ಕಂಡುಹಿಡಿಯುವ ದೊಡ್ಡ ಲೆಕ್ಕವನ್ನು ಮಹಲನೋಬಿಸ್, ಮಜುಂದಾರ್ ಮತ್ತು ರಾವ್ ಮುಗಿಸಿ 1949ರಲ್ಲಿ ಪ್ರಕಟಿಸಿದರು. ಹಿಡಿಕೆ ತಿರುಗಿಸುವ ಯಂತ್ರಗಳಲ್ಲಿ ಒಂದೊಂದು ಗುಣಾಕಾರವನ್ನೂ ಮಾಡುವವರಿಗೆ ವಿಧಾನದ ಆಯ್ಕೆ ಎಂದರೆ ವಾರಗಟ್ಟಲೆ ದುಡಿಮೆಯ ಪ್ರಶ್ನೆ. ಯಾವ ಹೆಜ್ಜೆಯಲ್ಲಿ ತಾಳೆ ನೋಡಬೇಕು, ಎಲ್ಲಿ ಅಡ್ಡಸಾಲಿನ ಮೊತ್ತ ಕಂಬಸಾಲಿನ ಮೊತ್ತಕ್ಕೆ ಕೂಡಬೇಕು ಎಂಬುದು ಹಾಳೆಯಲ್ಲೇ ಮೊದಲು ಬರೆದಿರುತ್ತಿತ್ತು.

ಮಹಲನೋಬಿಸ್ ಈ ತಾಳೆ ನೋಡುವ ಕ್ರಮವನ್ನು ಬೇರೆಯವರ ಲೆಕ್ಕಕ್ಕೂ ಅನ್ವಯಿಸಿದ್ದರು. ಬ್ರಿಟಿಷ್ ಅಧಿಕಾರಿ ರಿಸ್ಲಿ 1891ರಲ್ಲಿ ಬಂಗಾಳದ ಜಾತಿ ಬುಡಕಟ್ಟುಗಳ ತಲೆ ಮೂಗುಗಳನ್ನು ಅಳೆದು ಸಂಪುಟಗಳನ್ನೇ ಅಚ್ಚು ಹಾಕಿಸಿದ್ದ. (ಮೂಗಿನ ಅಳತೆಯಿಂದ ಜಾತಿಯ ಮೆಟ್ಟಿಲು ಏರಿಸಿದ ಆ ಸಿದ್ಧಾಂತದ ಬಗ್ಗೆ ಮಾತಾಡದಿರುವುದೇ ಮೇಲು.) ನಾಲ್ಕು ದಶಕದ ನಂತರ, 1933ರಲ್ಲಿ, ಮಹಲನೋಬಿಸ್ ಆ ಅಂಕಿಗಳನ್ನು ಒಂದಕ್ಕೊಂದು ತಾಳೆ ನೋಡಿ ಹೊಂದದ ಅಳತೆಗಳನ್ನು ಗುರುತಿಸಿ ತಿದ್ದುಪಡಿ ಪ್ರಕಟಿಸಿದರು. ಇದು ಸಾಧ್ಯವಾದದ್ದು ಒಂದೇ ಕಾರಣಕ್ಕೆ: ರಿಸ್ಲಿ ಸರಾಸರಿಯನ್ನಷ್ಟೇ ಕೊಡದೆ ಒಬ್ಬೊಬ್ಬರ ಅಳತೆಯನ್ನೂ ಅಚ್ಚು ಮಾಡಿಸಿದ್ದ. ಕಚ್ಚಾ ದತ್ತಾಂಶ ಉಳಿದಿತ್ತು. ಇವತ್ತು ಎಷ್ಟು ಪ್ರಬಂಧಗಳಲ್ಲಿ ಅದು ಉಳಿದಿದೆ?

ಕೈಲೆಕ್ಕದ ಆ ಕಾಲದ ನಂತರ ಯಂತ್ರಗಳು ಬಂದವು. 1953ರಲ್ಲಿ ಸಮರೇಂದ್ರ ಕುಮಾರ್ ಮಿತ್ರ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಹತ್ತು ಅಜ್ಞಾತಗಳ ಸಮೀಕರಣ ಬಿಡಿಸುವ ಅನಲಾಗ್ ಕಂಪ್ಯೂಟರನ್ನು ಕೈಯಾರೆ ಕಟ್ಟಿದರು. ಇನ್ನೆರಡು ಮೂರು ವರ್ಷಗಳಲ್ಲಿ ಬ್ರಿಟನ್ನಿನಿಂದ ಎಚ್‌ಇಸಿ-2ಎಂ ಎಂಬ ಡಿಜಿಟಲ್ ಯಂತ್ರ ಹಡಗಿನಲ್ಲಿ ಬಂತು. ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಅದೇ. ಆ ದಶಕ ಮುಗಿಯುವ ಹೊತ್ತಿಗೆ ಸೋವಿಯತ್ ದೇಶದ ಉರಾಲ್. 1966ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ಜೊತೆಗೂಡಿ ಕಟ್ಟಿದ ಐಸಿಜು-1. ಕೈಲೆಕ್ಕದವರ ಸಾಲು ಮೇಜುಗಳು ನಿಧಾನವಾಗಿ ಖಾಲಿಯಾದವು. ಯಂತ್ರ ಗುಣಾಕಾರದಲ್ಲಿ ತಪ್ಪುವುದಿಲ್ಲವಾದ್ದರಿಂದ ಎರಡನೆಯ ಲೆಕ್ಕಿಗ ಬೇಕು ಎಂದು ಯಾರಿಗೂ ಅನಿಸಿರಲಾರದು. ಆದರೆ ಆ ಎರಡನೆಯವನು ಗುಣಾಕಾರವನ್ನಷ್ಟೇ ತಾಳೆ ನೋಡುತ್ತಿರಲಿಲ್ಲ; ಏನನ್ನು ಯಾವುದರಿಂದ ಗುಣಿಸಬೇಕು ಎಂದು ಮೊದಲನೆಯವನು ತಿಳಿದುಕೊಂಡಿದ್ದನಲ್ಲ, ಆ ತಿಳಿವಳಿಕೆಯನ್ನೂ ನೋಡುತ್ತಿದ್ದ.

ಅವನಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಜೆಫ್ರಿ ಚಾಂಗ್ ಪ್ರಕರಣ ಹೇಳುತ್ತೇನೆ. ಚಾಂಗ್ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಜೀವಕೋಶದ ಪೊರೆಯ ಪ್ರೋಟೀನುಗಳ ರಚನೆ ಬಿಡಿಸುತ್ತಿದ್ದ ಪ್ರತಿಭಾವಂತ. ಅವರ ಲ್ಯಾಬಿನಲ್ಲಿ ದತ್ತಾಂಶ ಸಂಸ್ಕರಿಸಲು ಒಂದು ಸಣ್ಣ ಪ್ರೋಗ್ರಾಂ ಇತ್ತು, ಬೇರೊಂದು ಲ್ಯಾಬಿನಿಂದ ಬಳುವಳಿಯಾಗಿ ಬಂದದ್ದು. ಅದು ಎರಡು ಕಾಲಂಗಳನ್ನು ಅದಲುಬದಲು ಮಾಡುತ್ತಿತ್ತು. ಪರಿಣಾಮವಾಗಿ ಅವರ ಪ್ರೋಟೀನು ಕನ್ನಡಿಯಲ್ಲಿ ಕಂಡಂತೆ ತಿರುಗಿತು. ಪ್ರೋಗ್ರಾಂ ನಿಲ್ಲಲಿಲ್ಲ, ಎಚ್ಚರಿಕೆ ಕೊಡಲಿಲ್ಲ. 2001ರಿಂದ ಒಂದಾದ ಮೇಲೊಂದು ಲೇಖನ ಹೆಸರಾಂತ ಪತ್ರಿಕೆಗಳಲ್ಲಿ ಬಂತು. ಅವರ ರಚನೆಗೆ ಹೊಂದದ ಫಲಿತಾಂಶ ಪಡೆದ ಬೇರೆ ಲ್ಯಾಬಿನವರು ಸ್ವಂತ ಕೆಲಸವನ್ನೇ ಸಂಶಯದಿಂದ ನೋಡಿಕೊಳ್ಳುವಂತಾಯಿತು. 2006ರಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ಅದೇ ಬಗೆಯ ಪ್ರೋಟೀನೊಂದರ ರಚನೆಯನ್ನು ಸ್ವತಂತ್ರವಾಗಿ ಬಿಡಿಸಿದರು. ಹೊಂದಲಿಲ್ಲ. ಚಾಂಗ್ ಹಿಂದಕ್ಕೆ ಹೋಗಿ ಹುಡುಕಿದರು, ಕಾಲಂ ಸಿಕ್ಕಿತು, ಐದು ಲೇಖನಗಳನ್ನು ಹಿಂದಕ್ಕೆ ಪಡೆದರು. ಆ ಸ್ವಿಸ್ ತಂಡ ಮಾಡಿದ್ದು ಸೆಣಬಿನ ಹೊಲದ ಎರಡನೆಯ ತಂಡದ ಕೆಲಸ. ಐದು ವರ್ಷ ತಡವಾಗಿ, ಯಾರೂ ಹೇಳದೆ, ಆಕಸ್ಮಿಕವಾಗಿ ನಡೆಯಿತು ಎಂಬುದೊಂದೇ ವ್ಯತ್ಯಾಸ.

ಉತ್ತರ ಗೊತ್ತಿರುವ ಹಳೆಯ ಪ್ರೋಟೀನೊಂದನ್ನು ಆ ಪ್ರೋಗ್ರಾಮಿಗೆ ಹಾಕಿ ನೋಡಿದ್ದರೆ ಮೊದಲ ದಿನವೇ ಬಣ್ಣ ಬಯಲಾಗುತ್ತಿತ್ತು. ಬೌಬಜಾರಿನಲ್ಲಿ ರಾಮನ್ ಹೊಸ ಬೆಳಕನ್ನು ಒಂದು ದ್ರವದಲ್ಲಿ ಕಂಡು ಸುಮ್ಮನಾಗಲಿಲ್ಲ. ಸುಮಾರು 60 ದ್ರವಗಳಲ್ಲಿ ನೋಡಿದ್ದಾಗಿ ತಮ್ಮ ಮೊದಲ ಟಿಪ್ಪಣಿಯಲ್ಲೇ ಬರೆದರು. ರೋಹಿತದರ್ಶಕಕ್ಕೆ ತೋರುವ ಈ ಅನುಮಾನವನ್ನು ಪ್ರೋಗ್ರಾಮಿಗೂ ತೋರಬೇಕು. ಎರಡೂ ಉಪಕರಣಗಳೇ.

2019ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಸಿಕ್ಕಿಬಿದ್ದದ್ದು ಇನ್ನೂ ಸಣ್ಣದು. ರಸಾಯನಶಾಸ್ತ್ರದಲ್ಲಿ ಅನೇಕರು ಬಳಸುತ್ತಿದ್ದ ಪೈಥಾನ್ ಸ್ಕ್ರಿಪ್ಟೊಂದು ಒಂದು ಫೋಲ್ಡರಿನಲ್ಲಿರುವ ಫೈಲುಗಳನ್ನು ಸರದಿಯಂತೆ ಓದುತ್ತಿತ್ತು. ಆ ಸರದಿ ಅಕಾರಾದಿ ಎಂದು ಬರೆದವರು ಭಾವಿಸಿದ್ದರು. ಪೈಥಾನ್ ಹಾಗೆಂದು ಎಲ್ಲೂ ಮಾತು ಕೊಟ್ಟಿಲ್ಲ. ಒಂದು ಆಪರೇಟಿಂಗ್ ಸಿಸ್ಟಮ್ ಒಂದು ಸರದಿಯಲ್ಲಿ ಕೊಡುತ್ತದೆ, ಇನ್ನೊಂದು ಬೇರೆ ಸರದಿಯಲ್ಲಿ. ಅದೇ ದತ್ತಾಂಶ, ಅದೇ ಸ್ಕ್ರಿಪ್ಟು, ಕಂಪ್ಯೂಟರು ಬದಲಾದರೆ ಉತ್ತರ ಬದಲು. ಫೈಲುಗಳನ್ನು ಮೊದಲು ಜೋಡಿಸಿಕೋ ಎಂದು ಒಂದು ಪದ ಸೇರಿಸಿದರೆ ಮುಗಿಯುವ ದುರಸ್ತಿ. ಬರೆದವರ ತಲೆಯಲ್ಲಿದ್ದ ನಂಬಿಕೆ ಕೋಡಿನಲ್ಲಿ ಇರಲಿಲ್ಲ.

ತಲೆಯಲ್ಲಿರುವುದನ್ನು ಕೋಡಿಗೆ ಇಳಿಸುವ ವಿಷಯದಲ್ಲಿ ಅಳತೆಯ ಮಾನಗಳಷ್ಟು ಕಾಡುವುದು ಬೇರೆ ಇಲ್ಲ. ಮಂಡ್ಯದ ರೈತರು ಜಮೀನನ್ನು ಗುಂಟೆಯಲ್ಲಿ ಹೇಳುತ್ತಾರೆ, ಕಾಸರಗೋಡಿನವರು ಸೆಂಟ್ಸಿನಲ್ಲಿ. ಒಂದು ಎಕರೆಗೆ ನಲವತ್ತು ಗುಂಟೆ, ಆದರೆ ನೂರು ಸೆಂಟ್ಸು. ದತ್ತಾಂಶದ ಕಾಲಂನಲ್ಲಿ ಬರೀ 10 ಎಂದಿದ್ದರೆ ಅದು ಕಾಲು ಎಕರೆಯೋ ಹತ್ತನೇ ಒಂದು ಎಕರೆಯೋ? ಬಂಗಾಳದ ಬಿಘಾ ಒಂದು ಎಕರೆಯ ಮೂರನೇ ಒಂದು ಭಾಗ. ಗಡಿ ದಾಟಿದರೆ ಬಿಹಾರದಲ್ಲಿ ಅದು ಬೇರೆ. ‘ಜಮೀನು’ ಎಂಬ ವೇರಿಯಬಲ್ ಹೆಸರಿಗಿಂತ ‘ಜಮೀನು_ಗುಂಟೆ’ ಒಳ್ಳೆಯದು; ಇನ್ನೂ ಒಳ್ಳೆಯದು ಎಂದರೆ ಓದಿಕೊಂಡ ಮರುಕ್ಷಣ ಎಲ್ಲವನ್ನೂ ಚದರ ಮೀಟರಿಗೆ ತಿರುಗಿಸಿ ಒಳಗೆಲ್ಲ ಅದನ್ನೇ ಬಳಸುವುದು, ಹೊರಗೆ ತೋರಿಸುವಾಗ ಮಾತ್ರ ಊರಿನ ಮಾನಕ್ಕೆ ಮರಳುವುದು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಂಗಳಯಾನ ನೌಕೆಯೊಂದು ಕಳೆದುಹೋದದ್ದು ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಬರೆದುದನ್ನು ಇನ್ನೊಂದು ಕಡೆಯದು ನ್ಯೂಟನ್ ಎಂದು ಓದಿದ್ದರಿಂದ.

ಇನ್ನು ಅಂಕಿಯೇ ಕೈಕೊಡುವ ಕಥೆ. ಹತ್ತನೇ ಒಂದು ಎಂಬುದನ್ನು ನಾವು 0.1 ಎಂದು ಬರೆದು ಮುಗಿಸುತ್ತೇವೆ. ಎರಡರ ಮಾನದಲ್ಲಿ ಎಣಿಸುವ ಕಂಪ್ಯೂಟರಿಗೆ ಅದು ನಮ್ಮ ಮೂರನೇ ಒಂದರ ದಶಮಾಂಶದಂತೆ ಮುಗಿಯದ್ದು. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. 1991ರ ಫೆಬ್ರುವರಿ 25ರಂದು ಸೌದಿಯ ದಹ್ರಾನಿನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರು ಬಂದ ಸ್ಕಡ್ ಕ್ಷಿಪಣಿಯನ್ನು ಹೊಡೆಯಲಿಲ್ಲ, 28 ಸೈನಿಕರು ಸತ್ತರು. ಸೆಕೆಂಡಿನ ಹತ್ತನೇ ಒಂದನ್ನು 24 ಬಿಟ್ಟಿಗೆ ಕತ್ತರಿಸಿದ ಸೂಕ್ಷ್ಮ ತಪ್ಪು ನೂರು ಗಂಟೆ ಸತತ ಓಡಿದ ಮೇಲೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಬೆಳೆದಿತ್ತು; ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ಪಠ್ಯಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ವಿವರ. ಸಮಯ ಪರಿವರ್ತನೆಯ ಈ ತಪ್ಪನ್ನು ಕಂಡು ನಿಖರವಾದ ಹೊಸ ರೀತಿಯನ್ನು ಆಗಲೇ ಬರೆದಿದ್ದರು. ಆದರೆ ಪರಿವರ್ತನೆ ಕೋಡಿನ ಹಲವು ಕಡೆ ಚದುರಿತ್ತು, ಹೊಸದನ್ನು ಕೆಲವು ಕಡೆ ಹಾಕಿ ಕೆಲವು ಕಡೆ ಬಿಟ್ಟಿದ್ದರು. ಎಲ್ಲ ಕಡೆ ಹಳೆಯ ತಪ್ಪೇ ಇದ್ದಿದ್ದರೆ ಎರಡು ಸಮಯಗಳ ವ್ಯತ್ಯಾಸ ತೆಗೆಯುವಾಗ ತಪ್ಪು ತಪ್ಪಿಗೆ ಬಹುಪಾಲು ವಜಾ ಆಗುತ್ತಿತ್ತು. ಅರ್ಧ ದುರಸ್ತಿ ಅದನ್ನು ಕೆಡಿಸಿತು. ಒಂದು ಲೆಕ್ಕ ಒಂದೇ ಕಡೆ ಇರಲಿ ಎಂದು ಪ್ರೋಗ್ರಾಮಿಂಗ್ ಮೇಷ್ಟ್ರುಗಳು ಹೇಳುವುದು ಅಚ್ಚುಕಟ್ಟಿನ ಹುಚ್ಚಿನಿಂದಲ್ಲ.

ಮಹಲನೋಬಿಸರ ಎರಡು ತಂಡಕ್ಕೂ ಇದಕ್ಕೂ ವಿರೋಧ ಕಾಣುವವರಿಗೆ ಒಂದು ಮಾತು. ಒಂದೇ ಸೂತ್ರವನ್ನು ಕಾಪಿ ಹೊಡೆದು ಐದು ಕಡೆ ಅಂಟಿಸಿದರೆ ಐದು ಸಾಕ್ಷಿಗಳು ಆಗುವುದಿಲ್ಲ, ಒಂದೇ ಸಾಕ್ಷಿಯ ಐದು ನೆರಳು ಆಗುತ್ತವೆ. ಬೇರೆಯವರು, ಬೇರೆ ದಾರಿಯಲ್ಲಿ, ಮೊದಲಿನದನ್ನು ನೋಡದೆ ಮಾಡಿದ ಲೆಕ್ಕ ಮಾತ್ರ ಸಾಕ್ಷಿ.

ಇದನ್ನು ಕೈಯಲ್ಲಿ ಹಿಡಿದು ತೋರಿಸಲು ಪ್ರಫುಲ್ಲಚಂದ್ರ ರೋಡಿನ ಸಹಾ ಅವರೇ ಒಂದು ಒಳ್ಳೆಯ ಅಭ್ಯಾಸ ಕೊಟ್ಟು ಹೋಗಿದ್ದಾರೆ. ಸ್ವತಂತ್ರ ಭಾರತದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳು ಚಾಲ್ತಿಯಲ್ಲಿದ್ದವು. ಅವನ್ನು ನೋಡಿ ಒಂದು ರಾಷ್ಟ್ರೀಯ ಪಂಚಾಂಗ ಸೂಚಿಸಲು 1952ರಲ್ಲಿ ನೇಮಿಸಿದ ಸಮಿತಿಗೆ ಸಹಾ ಅಧ್ಯಕ್ಷರು, ಎನ್.ಸಿ. ಲಾಹಿರಿ ಕಾರ್ಯದರ್ಶಿ. ವರದಿ 1955ರಲ್ಲಿ ಬಂತು. ಸಹಾ 1956ರ ಫೆಬ್ರುವರಿಯಲ್ಲಿ ತೀರಿಕೊಂಡರು. ಪಂಚಾಂಗ ಜಾರಿಯಾದದ್ದು 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1. ಸರ್ಕಾರದ ಗೆಜೆಟ್ಟಿನಲ್ಲಿ ಈಗಲೂ ಈ ತಾರೀಖು ಇರುತ್ತದೆ, ಯಾರೂ ಓದುವುದಿಲ್ಲ ಅಷ್ಟೆ.

ನಿಯಮ ಸರಳ. ಚೈತ್ರಕ್ಕೆ 30 ದಿನ. ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳಿಗೆ 31, ಆಶ್ವಯುಜದಿಂದ ಫಾಲ್ಗುಣದವರೆಗೆ ಆರು ತಿಂಗಳಿಗೆ 30. ಶಕ ವರ್ಷಕ್ಕೆ 78 ಕೂಡಿಸಿದಾಗ ಬರುವ ಇಂಗ್ಲಿಷ್ ವರ್ಷ ಅಧಿಕ ವರ್ಷವಾದರೆ ಚೈತ್ರಕ್ಕೆ ಒಂದು ದಿನ ಹೆಚ್ಚು, ಆಗ ವರ್ಷ ಶುರುವಾಗುವುದು ಮಾರ್ಚ್ 21ಕ್ಕೆ, ಇಲ್ಲದಿದ್ದರೆ 22ಕ್ಕೆ. ಇಂಗ್ಲಿಷ್ ತಾರೀಖು ಕೊಟ್ಟರೆ ರಾಷ್ಟ್ರೀಯ ತಾರೀಖು ಹೇಳುವ ಪ್ರೋಗ್ರಾಮನ್ನು ಎರಡನೇ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿ ಅರ್ಧ ಗಂಟೆಯಲ್ಲಿ ಬರೆಯುತ್ತಾಳೆ. ಅವಳು ಅದನ್ನು ಸ್ವಾತಂತ್ರ್ಯ ದಿನಕ್ಕೆ ಹಾಕಿ ನೋಡುತ್ತಾಳೆ: 2025ರ ಆಗಸ್ಟ್ 15ಕ್ಕೆ ಶಕ 1947 ಶ್ರಾವಣ 24. ಸರಿ. ಸಾಕೇ?

ಸಾಲದು. ವರ್ಷದಿಂದ 78 ಕಳೆಯುವ ಸೂತ್ರ ಆಗಸ್ಟಿನಲ್ಲಿ ಸರಿ, ಜನವರಿಯಲ್ಲಿ ತಪ್ಪು. ಅಲ್ಲಿ 79 ಕಳೆಯಬೇಕು. 2026ರ ಗಣರಾಜ್ಯೋತ್ಸವಕ್ಕೆ ಶಕ 1947 ಮಾಘ 6 ಬರಬೇಕು, 1948 ಬಂದರೆ ಪ್ರೋಗ್ರಾಂ ಕೆಟ್ಟಿದೆ. ಮಾರ್ಚ್ 21 ಮತ್ತು 22 ಎರಡನ್ನೂ ಅಧಿಕ ವರ್ಷದಲ್ಲೂ ಸಾದಾ ವರ್ಷದಲ್ಲೂ ಹಾಕಬೇಕು, ಏಕೆಂದರೆ ತಪ್ಪುಗಳು ವಾಸ ಮಾಡುವುದು ಗಡಿಗಳಲ್ಲಿ. ಶಕ 1922ಕ್ಕೆ 78 ಕೂಡಿಸಿದರೆ 2000, ಅಧಿಕ ವರ್ಷ ಹೌದು. ಶಕ 2022ಕ್ಕೆ ಕೂಡಿಸಿದರೆ 2100, ನಾಲ್ಕರಿಂದ ಭಾಗವಾದರೂ ಅಧಿಕ ವರ್ಷ ಅಲ್ಲ. ನಾಲ್ಕರಿಂದ ಭಾಗಿಸಿ ನೋಡಿ ಕೈತೊಳೆದುಕೊಂಡವರ ಪ್ರೋಗ್ರಾಂ 2099ರವರೆಗೆ ಚೆನ್ನಾಗಿಯೇ ನಡೆಯುತ್ತದೆ.

ಇನ್ನೊಂದು ಬಗೆಯ ಪರೀಕ್ಷೆ ಇದಕ್ಕಿಂತ ಸೊಗಸು. ನಿಯಮವನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಅಧಿಕ ದಿನವನ್ನು ಚೈತ್ರ ನುಂಗಿಕೊಳ್ಳುವುದರಿಂದ ವೈಶಾಖದ ಮೊದಲ ದಿನ ಯಾವಾಗಲೂ ಏಪ್ರಿಲ್ 21 ಎಂದು ಹೊಳೆಯುತ್ತದೆ. ಅಂದರೆ ಅಲ್ಲಿಂದ ಫಾಲ್ಗುಣದವರೆಗೆ ಎಲ್ಲ ತಿಂಗಳುಗಳ ಮೊದಲ ದಿನವೂ ಸ್ಥಿರ. ಕನ್ನಡ ರಾಜ್ಯೋತ್ಸವ ಯಾವ ವರ್ಷವಾದರೂ ಕಾರ್ತಿಕ 10. ಹಾಗಾದರೆ ಮುನ್ನೂರು ವರ್ಷಗಳ ನವೆಂಬರ್ 1ನ್ನು ಪ್ರೋಗ್ರಾಮಿಗೆ ಹಾಕಿ ಎಲ್ಲಕ್ಕೂ ಕಾರ್ತಿಕ 10 ಬರುತ್ತದೆಯೇ ಎಂದು ಕೇಳಬಹುದು. ಇಲ್ಲಿಂದ ಅಲ್ಲಿಗೆ ಹೋಗುವ ಫಂಕ್ಷನ್ನಿನ ಜೊತೆ ಅಲ್ಲಿಂದ ಇಲ್ಲಿಗೆ ಬರುವ ಇನ್ನೊಂದನ್ನು ಬರೆದು, ಮುನ್ನೂರು ವರ್ಷಗಳ ಪ್ರತಿ ದಿನವೂ ಹೋಗಿ ತನ್ನ ಜಾಗಕ್ಕೇ ಮರಳುತ್ತದೆಯೇ ಎಂದು ನೋಡಬಹುದು. ಒಂದು ಲಕ್ಷಕ್ಕೂ ಹೆಚ್ಚು ದಿನಗಳು, ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಹೋಗುವ ಫಂಕ್ಷನ್ನು ಬರೆದವಳೇ ಬರುವುದನ್ನೂ ಬರೆದರೆ 2100ರ ತಪ್ಪನ್ನು ಎರಡರಲ್ಲೂ ಮಾಡಿರುತ್ತಾಳೆ, ದಿನಗಳು ತಪ್ಪು ದಾರಿಯಲ್ಲೇ ಹೋಗಿ ತಪ್ಪು ದಾರಿಯಲ್ಲೇ ಸುಖವಾಗಿ ಮನೆ ಸೇರುತ್ತವೆ. ಬರುವುದನ್ನು ಪಕ್ಕದ ಬೆಂಚಿನವಳು ಬರೆಯಲಿ. ಮೊದಲಿನವಳ ಕೋಡು ಅವಳಿಗೆ ಕಾಣದಿರಲಿ.

ಪಂಚಾಂಗಕ್ಕೆ ಸರಿಯುತ್ತರವಾದರೂ ಉಂಟು. ಹವಾಮಾನಕ್ಕೆ ಹಾಗಿಲ್ಲ. 1961ರಲ್ಲಿ ಎಡ್ವರ್ಡ್ ಲೊರೆನ್ಜ್ ತಮ್ಮ ಹವಾಮಾನದ ಮಾದರಿಯನ್ನು ನಡುವಿನಿಂದ ಮತ್ತೆ ಓಡಿಸಲು ಹೋಗಿ, ಯಂತ್ರದೊಳಗಿದ್ದ 0.506127ರ ಬದಲು ಮುದ್ರಿತ ಹಾಳೆಯಲ್ಲಿದ್ದ 0.506 ಹಾಕಿದರು. ಸ್ವಲ್ಪ ಕಾಲ ಜೊತೆಗಿದ್ದ ಎರಡು ಓಟಗಳು ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. ಅಲ್ಲಿಂದ ಹೊಸ ಗಣಿತವೇ ಹುಟ್ಟಿತು ನಿಜ. ಪ್ರೋಗ್ರಾಂ ಬರೆಯುವವರಿಗೆ ಹುಟ್ಟಿದ್ದು ತಲೆನೋವು. ಇಂಥ ಮಾದರಿಯನ್ನು ಹಲವು ಪ್ರೊಸೆಸರುಗಳಿಗೆ ಹಂಚಿದರೆ ಅಂಕಿಗಳನ್ನು ಕೂಡುವ ಸರದಿ ಬದಲಾಗುತ್ತದೆ, ಕತ್ತರಿಸಿದ ಅಂಕಿಗಳಲ್ಲಿ ಸರದಿ ಬದಲಾದರೆ ಮೊತ್ತದ ಬಾಲವೂ ಬದಲಾಗುತ್ತದೆ. ಬಂದ ವ್ಯತ್ಯಾಸ ಪ್ರೋಗ್ರಾಮಿನ ತಪ್ಪಿನದೋ ಪ್ರಕೃತಿಯದೋ ಎಂದು ಹೇಳುವುದು ಹೇಗೆ?

ಈ ಪ್ರಶ್ನೆಯ ಜೊತೆ ಹೆಣಗಿದವರು ಬೆಂಗಳೂರಿನಲ್ಲಿದ್ದಾರೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ನಮ್ಮ ಎನ್‌ಎಎಲ್, 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತು. ಯು.ಎನ್. ಸಿನ್ಹಾ ನೇತೃತ್ವದ ಆ ತಂಡ ಮುಂದೆ ದೆಹಲಿಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಮಾದರಿಯನ್ನು ಕೈಗೆತ್ತಿಕೊಂಡಿತು. ಮೂಲತಃ ಅಮೆರಿಕದಿಂದ ಬಂದ ಹಳೆಯ ಫೋರ್ಟ್ರಾನಿನ ಕೋಡು ಅದು. ಹಳೆಯ ಫೋರ್ಟ್ರಾನ್ ನೋಡಿದವರಿಗೆ ಗೊತ್ತು: ವೇರಿಯಬಲ್ ಹೆಸರಿಗೆ ಆರೇ ಅಕ್ಷರ, ಅರೇಗಳ ಗಾತ್ರ ಬರೆಯುವಾಗಲೇ ನಿಗದಿ, ‘ಕಾಮನ್’ ಎಂಬ ಸಾರ್ವಜನಿಕ ಕೋಣೆಯಲ್ಲಿಟ್ಟ ಅಂಕಿಯನ್ನು ಯಾವ ಮೂಲೆಯ ಯಾವ ಸಬ್‌ರೂಟೀನ್ ಬಂದು ಬದಲಿಸಿತು ಎಂದು ಪತ್ತೆ ಮಾಡುವಷ್ಟರಲ್ಲಿ ಸಂಜೆ. ಸಿನ್ಹಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ರವಿ ನಂಜುಂಡಯ್ಯ 1999ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಆಧುನಿಕ ಸಾಫ್ಟ್‌ವೇರ್ ಪದ್ಧತಿಯಿಂದ ಮರುರೂಪಿಸಿದರೆ ವಾತಾವರಣ ಮಾದರಿಯೊಂದರ ಸಾಮರ್ಥ್ಯ ಹೇಗೆ ಬದಲಾಗುತ್ತದೆ ಎಂಬುದು ಅದರ ವಿಷಯ. ಈ ಸಾಲಿನ ಕೆಲಸವೇ ಮುಂದೆ ‘ವರ್ಷ’ ಎಂಬ ಮಾದರಿಯಾಯಿತು. ಮುಂಗಾರಿನ ಬಗ್ಗೆ ಹೊಸ ಭೌತಶಾಸ್ತ್ರ ಏನೂ ಸೇರಿಸದೆ ಬರೀ ಬರವಣಿಗೆ ಸುಧಾರಿಸುವುದೂ ವಿಜ್ಞಾನವೇ ಎಂದು ಅಷ್ಟು ನೇರವಾಗಿ ವಾದಿಸಿದ ಬರಹ ನಮ್ಮಲ್ಲಿ ಅಪರೂಪ. ಅದಕ್ಕೆ ಸಿಗಬೇಕಾದಷ್ಟು ಓದುಗರು ಸಿಗಲಿಲ್ಲ ಎಂದು ನನ್ನ ಗುಮಾನಿ.

ಹಳೆಯ ಕೋಡನ್ನು ಕಂಡ ಕೂಡಲೇ ಕಿತ್ತು ಹೊಸದಾಗಿ ಬರೆಯುವ ಉತ್ಸಾಹಿಗಳ ಪರ ನಾನಿಲ್ಲ. ಆ ಕೊಳಕು ಸಾಲುಗಳಲ್ಲಿ ಯಾರೋ ಹತ್ತು ಮಳೆಗಾಲ ನೋಡಿ ಸೇರಿಸಿದ ತಿದ್ದುಪಡಿ ಇರುತ್ತದೆ, ಕಾಮೆಂಟ್ ಇರುವುದಿಲ್ಲ. ಹಳೆಯದನ್ನು ಓಡಿಸಿ ಅದರ ಉತ್ತರಗಳನ್ನು ಮೊದಲು ಜೋಪಾನ ಮಾಡಿಟ್ಟುಕೊಳ್ಳಬೇಕು. ಆಮೇಲೆ ಒಂದೊಂದೇ ತುಂಡು ಬದಲಿಸಿ, ಪ್ರತಿ ಬದಲಾವಣೆಗೂ ಹಳೆಯ ಉತ್ತರದ ಜೊತೆ ತಾಳೆ. ಹೊಂದದಿದ್ದಾಗ ಹೊಸದೇ ತಪ್ಪು ಎಂದು ಊಹಿಸಿ ಹುಡುಕಲು ಶುರು ಮಾಡಬೇಕು, ಆದರೆ ಹಲವು ಸಲ ಹಳೆಯದೇ ಸಿಕ್ಕಿಬೀಳುತ್ತದೆ. ಹಳೆಯ ಕೋಡು ಇಲ್ಲಿ ಎರಡನೆಯ ತಂಡ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಸರಿ ಇರಲಿ, ಆಮೇಲೆ ಎಲ್ಲಿ ನಿಧಾನ ಎಂದು ಅಳೆದು ಅಲ್ಲಿ ಮಾತ್ರ ತಿದ್ದಿದರೆ ಸಾಕು. ಊಹಿಸಿ ತಿದ್ದಿದವರೆಲ್ಲ ತಪ್ಪು ಜಾಗದಲ್ಲಿ ಬೆವರು ಸುರಿಸಿದ್ದಾರೆ.

ಹೊಸ ತಲೆಮಾರಿನ ಕಾಯಿಲೆ ಬೇರೆ. ಜುಪಿಟರ್ ನೋಟ್‌ಬುಕ್ಕಿನಲ್ಲಿ ಮೂರನೇ ತುಂಡನ್ನು ಓಡಿಸಿ, ಮೊದಲನೆಯದಕ್ಕೆ ಹಿಂದೆ ಹೋಗಿ ಒಂದು ಅಂಕಿ ಬದಲಿಸಿ, ಐದನೆಯದನ್ನು ಅಳಿಸಿ, ಕೊನೆಗೆ ಸಿಕ್ಕ ಚೆಂದದ ನಕ್ಷೆಯನ್ನು ಪ್ರಬಂಧಕ್ಕೆ ಹಾಕಿದರೆ, ಆ ನಕ್ಷೆ ಯಾವ ಸರದಿಯಲ್ಲಿ ಹುಟ್ಟಿತು ಎಂದು ಬರೆದವರಿಗೇ ಗೊತ್ತಿರುವುದಿಲ್ಲ. ಎಲ್ಲ ಮುಚ್ಚಿ ಮೇಲಿನಿಂದ ಕೆಳಗೆ ಒಮ್ಮೆ ಓಡಿಸಿದಾಗ ಅದೇ ನಕ್ಷೆ ಬರದಿದ್ದರೆ ಅದನ್ನು ಪ್ರಕಟಿಸಬಾರದು. ಯಾದೃಚ್ಛಿಕ ಅಂಕಿಗಳನ್ನು ಬಳಸುವವರು ಯಾವ ಬೀಜದಿಂದ ಶುರು ಮಾಡಿದೆವು ಎಂದು ಬರೆದಿಡಬೇಕು. ಮಹಲನೋಬಿಸರ ಕಾಲದಲ್ಲಿ ಅಂಥ ಅಂಕಿಗಳು ಅಚ್ಚಾದ ಪಟ್ಟಿಯಲ್ಲಿರುತ್ತಿದ್ದುದರಿಂದ ಯಾವ ಪುಟ, ಯಾವ ಸಾಲು ಎಂದರೆ ಮುಗಿಯುತ್ತಿತ್ತು. ಬದಲಾವಣೆಗಳ ಚರಿತ್ರೆಗೆ 2005ರಿಂದ ಗಿಟ್ ಇದೆ, ಪುಕ್ಕಟೆ. ಪಾಠ ಹೇಳಲು ಐಐಟಿ ಬಾಂಬೆಯ ಫೋಸಿಯಂಥ ಯೋಜನೆಗಳಿವೆ. ಸಲಕರಣೆಗೆ ಕೊರತೆಯಿಲ್ಲ.

ಕೊರತೆ ಇರುವುದು ಕೇಳುವವರದ್ದು. ಪಿಎಚ್‌.ಡಿ. ಮೌಖಿಕ ಪರೀಕ್ಷೆಗಳಲ್ಲಿ ಉಪಕರಣವನ್ನು ಹೇಗೆ ಹೊಂದಿಸಿದಿರಿ, ಮಾಪನದ ದೋಷ ಎಷ್ಟು ಎಂದು ಪರೀಕ್ಷಕರು ಬೆವರಿಳಿಸುತ್ತಾರೆ. ಅದೇ ಪ್ರಬಂಧದ ಅರ್ಧ ಫಲಿತಾಂಶಗಳನ್ನು ಹೆತ್ತ ಕೋಡನ್ನು ತೆಗೆದು ತೋರಿಸಿ ಎನ್ನುವವರು ಅಪರೂಪ. ಅದನ್ನು ಯಾರು ಓದಿದ್ದಾರೆ, ಉತ್ತರ ಗೊತ್ತಿರುವ ಯಾವ ಲೆಕ್ಕವನ್ನು ಅದಕ್ಕೆ ಹಾಕಿ ನೋಡಿದಿರಿ, ಬೇರೊಂದು ಕಂಪ್ಯೂಟರಿನಲ್ಲಿ ಓಡಿಸಿದಿರಾ ಎಂದು ಮೂರು ಪ್ರಶ್ನೆ ಕೇಳಿದರೂ ಸಾಕು, ಮುಂದಿನ ವರ್ಷದ ವಿದ್ಯಾರ್ಥಿಗಳು ಬೇರೆ ಥರ ಬರೆಯಲು ಶುರು ಮಾಡುತ್ತಾರೆ. ಈಗಂತೂ ಶಕ ಪಂಚಾಂಗದ ಫಂಕ್ಷನ್ನನ್ನು ಕೃತಕ ಬುದ್ಧಿಮತ್ತೆ ಅರೆಗಳಿಗೆಯಲ್ಲಿ ಬರೆದು ಕೊಡುತ್ತದೆ, ಟೆಸ್ಟುಗಳನ್ನೂ ತಾನೇ ಬರೆದು ಕೊಡುತ್ತದೆ, ಎರಡೂ ಒಂದೇ ಕೈಯವು. ಆ ಟೆಸ್ಟುಗಳನ್ನು ಬದಿಗಿಟ್ಟು 2100ರ ಮಾರ್ಚ್ 21ನ್ನು ಹಾಕಿ ನೋಡಿ: ಫಾಲ್ಗುಣ 30, ಶಕ 2021 ಎಂದು ಬರಬೇಕು.